ಆಟದ ರಾತ್ರಿಗೆ ಯಾವ ಲ್ಯಾಪ್‌ಟಾಪ್? ನಾನು ಚಿಕ್ಕದನ್ನು ಆರಿಸಿಕೊಂಡ ಲೆಕ್ಕ

ನಾನು ಯಕ್ಷಗಾನದ ವಿಡಿಯೊ ಮಾಡುವವನು. ಮೇಳಗಳು ತಿರುಗಾಟಕ್ಕೆ ಹೊರಡುವ ನವೆಂಬರ್‌ನಿಂದ ಮೇ ಕೊನೆಗೆ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚುವವರೆಗೆ ಕುಂದಾಪುರ, ಬ್ರಹ್ಮಾವರ, ಬೈಂದೂರು ಕಡೆಯ ಬಯಲಾಟಗಳಲ್ಲೇ ನನ್ನ ರಾತ್ರಿಗಳು ಕಳೆಯುತ್ತವೆ. ಹಳೆಯ ಲ್ಯಾಪ್‌ಟಾಪ್ ಬದಲಿಸುವ ಕಾಲ ಬಂದಾಗ ಕೈಯಲ್ಲಿ ಎರಡು ದಾರಿ ಇತ್ತು. ಒಂದು 14 ಇಂಚಿನದು, ಹಗುರ, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಇನ್ನೊಂದು 16 ಇಂಚಿನದು, ಗೇಮಿಂಗ್‌ಗೆ ಅಂತ ಮಾಡಿದ್ದು, ಜೋರಾದ ಗ್ರಾಫಿಕ್ಸ್ ಕಾರ್ಡ್ ಇರುವುದು. ಎರಡರ ಬೆಲೆಯೂ ಒಂದು ಲಕ್ಷದ ಆಸುಪಾಸು.

ವಿಡಿಯೊ ಎಡಿಟಿಂಗ್ ಅಂದ ಕೂಡಲೇ ಎಲ್ಲರೂ ದೊಡ್ಡದಕ್ಕೇ ಕೈ ತೋರಿಸುತ್ತಾರೆ. ನನ್ನ ಜೊತೆ ಕ್ಯಾಮೆರಾ ಹಿಡಿಯುವ ಗೆಳೆಯನೂ ಹಾಗೇ ಅಂದ. "ಎಂತ ಮಾರಾಯ, ಇಷ್ಟು ಸಣ್ಣದ್ರಲ್ಲಿ ಇಡೀ ರಾತ್ರಿಯ ಆಟ ಎಡಿಟ್ ಆಗ್ತದಾ?" ಆಗುತ್ತದೆ. ಹೇಗೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ. ನನ್ನ ಹಾಗೆ ಊರೂರು ತಿರುಗಿ ಕೆಲಸ ಮಾಡುವವರಿಗೆ ಉಪಯೋಗ ಆದೀತು.

ಅಂಗಡಿಗೆ ಹೋಗುವ ಮೊದಲು ನಾನು ಒಂದು ಕೆಲಸ ಮಾಡಿದೆ. ಕ್ಯಾಮೆರಾ ಆನ್ ಮಾಡಿದಲ್ಲಿಂದ ಹಿಡಿದು ಆಟ ಆಡಿಸಿದವರ ಮನೆಗೆ ವಿಡಿಯೊ ತಲುಪುವವರೆಗೆ ಎಲ್ಲೆಲ್ಲಿ ಕೈಕಟ್ಟಿ ಕಾಯುತ್ತೇನೆ ಅಂತ ಒಂದು ಹಾಳೆಯಲ್ಲಿ ಬರೆದೆ. ವೇಗಕ್ಕೆ ದುಡ್ಡು ಕೊಡುವುದಾದರೆ ನಾನು ಎಚ್ಚರ ಇದ್ದು ಕಾಯುವ ಜಾಗಕ್ಕೆ ಕೊಡಬೇಕು. ನಾನು ಮಲಗಿರುವಾಗ ತನ್ನ ಪಾಡಿಗೆ ನಡೆಯುವ ಕೆಲಸ ಅರ್ಧ ಗಂಟೆ ಬೇಗ ಮುಗಿದರೆ ನನಗೇನು ಸಿಕ್ಕಿತು?

ಆ ಹಾಳೆಯಲ್ಲಿ ಮೊದಲು ಬಂದದ್ದು ಕ್ಯಾಮೆರಾದ ಮೆಮೊರಿ ಕಾರ್ಡ್ ಖಾಲಿ ಮಾಡುವ ಕೆಲಸ. ಇಡೀ ರಂಗಸ್ಥಳ ಒಂದೇ ಚೌಕಟ್ಟಿನಲ್ಲಿ ಹಿಡಿದು, ಆಮೇಲೆ ಬೇಕಾದ ಕಡೆ ಹತ್ತಿರಕ್ಕೆ ಕತ್ತರಿಸಿಕೊಳ್ಳಲು ನಾನು 4ಕೆ ಯಲ್ಲಿ ರೆಕಾರ್ಡ್ ಮಾಡುತ್ತೇನೆ. ಸೆಕೆಂಡಿಗೆ 100 ಮೆಗಾಬಿಟ್ ಅಂದರೆ ಗಂಟೆಗೆ 45 ಜಿಬಿ. ಆರು ಗಂಟೆಯ ಆಟಕ್ಕೆ 270 ಜಿಬಿ. 128 ಜಿಬಿಯ ಕಾರ್ಡ್ ಮೂರು ಗಂಟೆ ಆಗುವ ಮೊದಲೇ ತುಂಬುತ್ತದೆ. ಹಾಗಾಗಿ ಆಟ ನಡೆಯುತ್ತಿರುವಾಗಲೇ ವೇಷ ಕಟ್ಟುವ ಚೌಕಿಯ ಪಕ್ಕ ಕೂತು ತುಂಬಿದ ಕಾರ್ಡನ್ನು ಇಳಿಸಬೇಕು. ಮಾಮೂಲಿ ಯುಎಚ್‌ಎಸ್-1 ಕಾರ್ಡ್ ಸೆಕೆಂಡಿಗೆ 90 ಎಂಬಿ ಹತ್ತಿರ ಓದುತ್ತದೆ. ಒಂದು ಕಾರ್ಡ್ ಇಳಿಯಲು 24 ನಿಮಿಷ. ಇದರಲ್ಲಿ ಲ್ಯಾಪ್‌ಟಾಪ್ ಎಷ್ಟು ಜೋರಾಗಿದ್ದರೂ ಕಾರ್ಡ್ ಕೊಟ್ಟಷ್ಟೇ. ಯುಎಚ್‌ಎಸ್-2 ಕಾರ್ಡು ಮತ್ತು ಅದಕ್ಕೆ ತಕ್ಕ ರೀಡರ್ ತೆಗೆದುಕೊಂಡ ಮೇಲೆ ಅದು ಒಂಬತ್ತು ನಿಮಿಷಕ್ಕೆ ಇಳಿಯಿತು. ದೊಡ್ಡ ಲ್ಯಾಪ್‌ಟಾಪ್ ಕೊಡಲಾಗದ ವೇಗವನ್ನು ಬೆರಳಿನಷ್ಟು ಉದ್ದದ ರೀಡರ್ ಕೊಟ್ಟಿತು.

ಎರಡನೆಯದು ಅಪ್‌ಲೋಡ್. ಮುಗಿದ ಆಟವನ್ನು 1080ಪಿ ಯಲ್ಲಿ 12 ಮೆಗಾಬಿಟ್‌ಗೆ ತೆಗೆದರೆ ಆರು ಗಂಟೆಗೆ 32 ಜಿಬಿ ಚಿಲ್ಲರೆ ಆಗುತ್ತದೆ. ಮನೆಯ ಫೈಬರ್‌ನಲ್ಲಿ 40 ಮೆಗಾಬಿಟ್ ಮೇಲಕ್ಕೆ ಹೋದರೂ ಎರಡು ಗಂಟೆ ಹತ್ತಿರ ಬೇಕು. ಇಲ್ಲೂ ಲ್ಯಾಪ್‌ಟಾಪಿನ ಕೈಯಲ್ಲಿ ಏನೂ ಇಲ್ಲ.

ಇನ್ನು ಉಳಿದದ್ದು ಎಡಿಟಿಂಗ್. ನಿಜವಾಗಿ ಲ್ಯಾಪ್‌ಟಾಪ್ ಲೆಕ್ಕಕ್ಕೆ ಬರುವುದು ಇಲ್ಲಿ. ಈ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಅಂಗಡಿಯಲ್ಲಿ ಯಾರೂ ಇದನ್ನು ಹೇಳುವುದಿಲ್ಲ.

ನನ್ನ ಕ್ಯಾಮೆರಾ ಎಚ್.265 (ವಿಡಿಯೊ ಫೈಲನ್ನು ಕುಗ್ಗಿಸುವ ವಿಧಾನ) ರಲ್ಲಿ 10 ಬಿಟ್, 4:2:2 ರೂಪದಲ್ಲಿ ರೆಕಾರ್ಡ್ ಮಾಡುತ್ತದೆ. ಮಾಮೂಲಿ ಫೋನ್ ವಿಡಿಯೊ 4:2:0. ಅದಕ್ಕೆ ಹೋಲಿಸಿದರೆ 4:2:2 ರಲ್ಲಿ ಬಣ್ಣದ ಮಾಹಿತಿ ಎರಡು ಪಟ್ಟು ಇರುತ್ತದೆ. ಯಕ್ಷಗಾನದಲ್ಲಿ ಇದು ಬೇಕೇ ಬೇಕು. ಕೆಂಪು ಚೌಕುಳಿಯ ಕಸೆ ಸೀರೆ, ಮುಂಡಾಸಿನ ಜರಿ, ಬಣ್ಣದ ವೇಷದ ಮುಖದ ಮೇಲಿನ ಸಣ್ಣ ಸಣ್ಣ ಗೆರೆ, ಇವೆಲ್ಲ ವೇಷ ಗಿರಕಿ ಹೊಡೆಯುವಾಗ ಒಂದಕ್ಕೊಂದು ಕಲಸಿ ಹೋಗಬಾರದು. ಆದರೆ ಈ ರೂಪದ ಫೈಲನ್ನು ಸರಾಗವಾಗಿ ಓಡಿಸಲು ಚಿಪ್ಪಿನೊಳಗೆ ಅದಕ್ಕೇ ಅಂತ ಒಂದು ಭಾಗ ಇರಬೇಕು. ಇಲ್ಲದಿದ್ದರೆ ಪ್ರೊಸೆಸರ್ ತಾನೇ ಕೂತು ಒಂದೊಂದು ಫ್ರೇಮನ್ನೂ ಬಿಡಿಸಬೇಕಾಗುತ್ತದೆ.

ಇಂಟೆಲ್‌ನ 11ನೇ ತಲೆಮಾರಿನಿಂದ ಈಚಿನ ಲ್ಯಾಪ್‌ಟಾಪ್ ಪ್ರೊಸೆಸರುಗಳ ಒಳಗಿನ ಗ್ರಾಫಿಕ್ಸ್‌ನಲ್ಲಿ ಈ ಭಾಗ ಇದೆ. ಆ್ಯಪಲ್‌ನ ಎಂ1 ರಿಂದ ಈಚಿನ ಚಿಪ್ಪುಗಳಲ್ಲೂ ಇದೆ. ಎನ್ವಿಡಿಯಾದಲ್ಲಿ ಇದು ಬಂದದ್ದು 2025ರ ಆರ್‌ಟಿಎಕ್ಸ್ 50 ಸರಣಿಯಿಂದ. ಆರ್‌ಟಿಎಕ್ಸ್ 4060 ಗೇಮಿಂಗ್‌ಗೆ, 3ಡಿ ಕೆಲಸಕ್ಕೆ ಒಳ್ಳೆಯ ಕಾರ್ಡ್. ಆದರೆ 4:2:2 ಬಿಡಿಸುವ ಭಾಗ ಅದರಲ್ಲಿಲ್ಲ. ನಾನು ನೋಡಿದ 16 ಇಂಚಿನದರಲ್ಲಿ ಇದ್ದದ್ದು ಎಎಂಡಿ ಪ್ರೊಸೆಸರ್ ಮತ್ತು ಇದೇ 4060. ಎರಡರಲ್ಲೂ ಆ ಭಾಗ ಇಲ್ಲ.

ಓದಿದ್ದನ್ನು ಕಣ್ಣಾರೆ ನೋಡಬೇಕಿತ್ತು. ಅದೇ ತರಹದ ದೊಡ್ಡ ಲ್ಯಾಪ್‌ಟಾಪ್ ಇರುವ ಪರಿಚಯದವರೊಬ್ಬರ ಸ್ಟುಡಿಯೋಗೆ ನನ್ನದೇ ಫೈಲುಗಳನ್ನು ಎಸ್‌ಎಸ್‌ಡಿಯಲ್ಲಿ ಹಾಕಿಕೊಂಡು ಹೋದೆ. ಒಂದು ಒಡ್ಡೋಲಗದ, ಅಂದರೆ ವೇಷ ಮೊದಲ ಸಲ ರಂಗಕ್ಕೆ ಬರುವಾಗಿನ ಕುಣಿತದ ತುಣುಕು ತೆರೆದು, ಟೈಮ್‌ಲೈನ್ ಮೇಲೆ ಹಿಂದಕ್ಕೆ ಮುಂದಕ್ಕೆ ಎಳೆದೆವು. ಚಿತ್ರ ತಡೆತಡೆದು ಬಂತು. ಚೆಂಡೆಯ ಪೆಟ್ಟಿಗೆ ಸರಿಯಾಗಿ ಕತ್ತರಿ ಹಾಕಬೇಕೆಂದರೆ ಪೆಟ್ಟು ಕೇಳುವ ಹೊತ್ತಿಗೆ ಹೆಜ್ಜೆ ಇನ್ನೂ ಕಾಣುತ್ತಿರಲಿಲ್ಲ. ಅದೇ ಫೈಲು ಇಂಟೆಲ್ ಕೋರ್ ಅಲ್ಟ್ರಾ ಇರುವ 14 ಇಂಚಿನದರಲ್ಲಿ ಬೆರಳು ಎಳೆದ ಹಾಗೆ ಓಡಿತು. ನಾನು ಗಂಟೆಗಟ್ಟಲೆ ಎಚ್ಚರ ಕೂತು ಮಾಡುವ ಕೆಲಸ ಇದೇ. ಇದರಲ್ಲಿ ಚಿಕ್ಕದೇ ವೇಗ.

ದೊಡ್ಡದರಲ್ಲಿ ಪ್ರಾಕ್ಸಿ ಮಾಡಿಕೊಳ್ಳಬಹುದು, ಅಂದರೆ ಎಡಿಟಿಂಗ್‌ಗೆ ಅಂತ ಹಗುರ ಪ್ರತಿ ತಯಾರು ಮಾಡಿಕೊಂಡು ಕೊನೆಗೆ ಅಸಲಿ ಫೈಲಿಗೆ ಬದಲಿಸುವುದು. ಒಳ್ಳೆಯ ವಿಧಾನವೇ. ಆದರೆ ಆರು ಗಂಟೆಯ ಆಟಕ್ಕೆ ಪ್ರಾಕ್ಸಿ ಆಗುವವರೆಗೆ ಬೆಳಿಗ್ಗೆಯ ಅರ್ಧ ಹೊತ್ತು ಹೋಗುತ್ತದೆ. ಜಾಗವೂ ಬೇಕು. ಆಟ ಆಡಿಸಿದ ಮನೆಯವರಿಗೆ ಬೆಳಿಗ್ಗೆ ಕಾಫಿ ಹೊತ್ತಿಗೆ ನಾಲ್ಕು ತುಣುಕು ವಾಟ್ಸಾಪ್‌ನಲ್ಲಿ ಬೇಕು. ದುಬೈನಲ್ಲಿರುವ ಮಗನಿಗೆ ಕಳಿಸಬೇಕಲ್ವಾ?

ಹಾಗಂತ ದೊಡ್ಡದಕ್ಕೆ ಬಲವೇ ಇಲ್ಲ ಅಂತಲ್ಲ. ಪೂರ್ತಿ ಆಟವನ್ನು ಕೊನೆಯ ಫೈಲಾಗಿ ಹೊರತೆಗೆಯುವಾಗ, ಅದರಲ್ಲೂ ರಾತ್ರಿಯ ಚಿತ್ರದ ಕಾಳು ಕಾಳು ತೆಗೆಯುವ ಎಫೆಕ್ಟ್ ಹಾಕಿದ್ದರೆ, ಚಿಕ್ಕದು ತೆಗೆದುಕೊಳ್ಳುವ ಸಮಯದ ಅರ್ಧದಲ್ಲಿ ದೊಡ್ಡದು ಮುಗಿಸುತ್ತದೆ. ತೆಳ್ಳಗಿನ ಲ್ಯಾಪ್‌ಟಾಪಿನ ಕಷ್ಟ ಬಿಸಿ. ನನ್ನದರ ಪ್ರೊಸೆಸರ್ ಮೊದಲ ಒಂದೆರಡು ನಿಮಿಷ ಜೋರಾಗಿ ಓಡಿ, ಆಮೇಲೆ 28 ವ್ಯಾಟಿಗೆ ಇಳಿದು ಅಲ್ಲೇ ನಿಲ್ಲುತ್ತದೆ. ಅಂಗಡಿಯಲ್ಲಿ ತೋರಿಸುವ ಅಂಕಿಗಳು ಬಹುಪಾಲು ಆ ಮೊದಲ ಎರಡು ನಿಮಿಷದ್ದು. ಉದ್ದ ಕೆಲಸ ಇರುವವರು ಕನಿಷ್ಠ ಹತ್ತು ಹದಿನೈದು ನಿಮಿಷ ಒಂದೇ ಸಮ ಓಡಿಸಿದ ಪರೀಕ್ಷೆ ನೋಡಬೇಕು. ನನಗೆ ಇದು ಅಡ್ಡಿ ಆಗಲಿಲ್ಲ. ಆಟ ಮುಗಿಸಿ ಬಂದು, ಎಡಿಟ್ ಮುಗಿಸಿ, ಎಕ್ಸ್‌ಪೋರ್ಟ್ ಹಚ್ಚಿ ಮಲಗುತ್ತೇನೆ. ಏಳುವಾಗ ಆಗಿರುತ್ತದೆ.

ಈಗ ತೂಕದ ಮಾತು. 14 ಇಂಚಿನದು 1.3 ಕೆಜಿ, ಅದರ 65 ವ್ಯಾಟ್ ಚಾರ್ಜರ್ ಸೇರಿಸಿ 1.6 ಹತ್ತಿರ. 16 ಇಂಚಿನದು 2.4 ಕೆಜಿ ಅಂತ ಡಬ್ಬದ ಮೇಲೆ ಬರೆದಿರುತ್ತದೆ. ಅದರ 230 ವ್ಯಾಟ್ ಅಡಾಪ್ಟರ್ ತೂಕವನ್ನು ಯಾರೂ ಬರೆಯುವುದಿಲ್ಲ. ಇಟ್ಟಿಗೆಯಂಥದ್ದು ಅದು, ಮುಕ್ಕಾಲು ಕೆಜಿಗೆ ಕಮ್ಮಿ ಇಲ್ಲ. ಒಟ್ಟು ಮೂರು ಕೆಜಿ ದಾಟುತ್ತದೆ. ಸ್ಕೂಟರಿನ ಕಾಲ ಹತ್ತಿರ ಟ್ರೈಪಾಡ್, ಬೆನ್ನಿಗೆ ಕ್ಯಾಮೆರಾ ಬ್ಯಾಗ್, ರಾತ್ರಿ ಮೂರು ಗಂಟೆಗೆ ಗದ್ದೆ ಅಂಚಿನ ಮಣ್ಣು ದಾರಿ. ಇದರ ಮೇಲೆ ಇನ್ನೂ ಒಂದೂವರೆ ಕೆಜಿ ಹೊರುವುದು ಸುಮ್ನೆ ಮಾತಲ್ಲ.

ಕರೆಂಟಿನ ವಿಷಯ ತೂಕಕ್ಕಿಂತ ಮುಖ್ಯ. ಬಯಲಾಟಕ್ಕೆ ಎಷ್ಟೋ ಕಡೆ ಜನರೇಟರ್. ರಂಗಸ್ಥಳದ ದೀಪ, ಮೈಕ್ ಎಲ್ಲ ಅದರ ಮೇಲೆ. ದೊಡ್ಡ ದೀಪಗಳನ್ನು ಹಾಕಿ ತೆಗೆಯುವಾಗ ವೋಲ್ಟೇಜ್ ಮೇಲೆ ಕೆಳಗೆ ಹೋಗುತ್ತದೆ. ಆಟದ ಅರ್ಧ ಭಾಗ ಇರುವ ಮೆಷಿನನ್ನು ಅಂಥ ಸಾಕೆಟ್‌ಗೆ ನಾನು ಚುಚ್ಚುವುದಿಲ್ಲ. ಬ್ಯಾಟರಿಯಲ್ಲೇ ರಾತ್ರಿ ಕಳೆಯಬೇಕು. ಕಾರ್ಡ್ ಇಳಿಸುವಾಗ, ಫೈಲ್ ನೋಡುವಾಗ ನನ್ನದು ಸುಮಾರು 10 ವ್ಯಾಟ್ ತಿನ್ನುತ್ತದೆ. ಬ್ಯಾಟರಿ 65 ವ್ಯಾಟ್‌ಅವರ್. ಆರು ಗಂಟೆ ಆರಾಮ. ಸಾಲದಿದ್ದರೆ 20,000 ಎಂಎಎಚ್‌ನ ಪವರ್ ಬ್ಯಾಂಕ್ ಇದೆ. ಅದರಲ್ಲಿ ಸುಮಾರು 74 ವ್ಯಾಟ್‌ಅವರ್ ಇರುತ್ತದೆ. 65 ವ್ಯಾಟ್ ಪಿಡಿ (ಟೈಪ್-ಸಿಯ ಜೋರು ಚಾರ್ಜಿಂಗ್) ಕೊಡುವಂಥದ್ದಾದರೆ ಟೈಪ್-ಸಿ ಕೇಬಲ್‌ನಲ್ಲೇ ಲ್ಯಾಪ್‌ಟಾಪ್ ಚಾರ್ಜ್ ಆಗುತ್ತದೆ. ದೊಡ್ಡದರ ಬ್ಯಾಟರಿ 90 ವ್ಯಾಟ್‌ಅವರ್. ಎಡಿಟಿಂಗ್ ಭರದಲ್ಲಿ 90 ವ್ಯಾಟ್ ಎಳೆದರೆ ಒಂದೇ ಗಂಟೆ. ಅದೂ ಅಲ್ಲದೆ ಗೋಡೆಯ ಕರೆಂಟ್ ಇಲ್ಲದಾಗ ಆ ಗ್ರಾಫಿಕ್ಸ್ ಕಾರ್ಡ್ ತನ್ನ ಪೂರ್ತಿ ವೇಗ ಕೊಡುವುದೇ ಇಲ್ಲ. ಅಷ್ಟು ಕರೆಂಟನ್ನು ಬ್ಯಾಟರಿ ಒದಗಿಸಲಾರದು. ಜೋರು ಲ್ಯಾಪ್‌ಟಾಪ್ ಜೋರಾಗಿರುವುದು ಗೋಡೆ ಪಕ್ಕದಲ್ಲಿ ಮಾತ್ರ.

ಮಳೆಗಾಲದಲ್ಲಿ ಮೇಳದವರ ಜೊತೆ ಮುಂಬೈಗೆ ಹೋಗುವಾಗಲೂ ಇದೇ ಅನುಭವ. ರೈಲಿನ ಬೋಗಿಯ ಸಾಕೆಟ್ 110 ವೋಲ್ಟಿನದು. 100ರಿಂದ 240 ವೋಲ್ಟ್ ಅಂತ ಬರೆದಿರುವ ಚಿಕ್ಕ ಚಾರ್ಜರ್ ಅಲ್ಲಿ ಕೆಲಸ ಮಾಡುತ್ತದೆ. 230 ವ್ಯಾಟಿನ ಇಟ್ಟಿಗೆಯನ್ನು ಫೋನ್ ಚಾರ್ಜ್ ಮಾಡಲು ಇಟ್ಟ ಸಾಕೆಟ್‌ಗೆ ಸಿಕ್ಕಿಸಲು ನನಗಂತೂ ಮನಸ್ಸು ಬರದು.

ಪರದೆಯ ವಿಷಯದಲ್ಲಿ ಮಾತ್ರ ಇಂಚಿಗಿಂತ ಬಣ್ಣವನ್ನು ನೋಡಿ. ಒಂದು ಲಕ್ಷದ ಒಳಗಿನ ಎಷ್ಟೋ ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿ 45% ಎನ್‌ಟಿಎಸ್‌ಸಿ ಪರದೆ ಇರುತ್ತದೆ. ಅಂದರೆ ಎಸ್‌ಆರ್‌ಜಿಬಿಯ (ಫೋನ್, ವೆಬ್‌ನ ಮಾಮೂಲಿ ಬಣ್ಣದ ಅಳತೆ) ಮೂರನೇ ಎರಡು ಭಾಗವೂ ಬರುವುದಿಲ್ಲ. ನಾನು ಅಂಗಡಿಯಲ್ಲಿ ಒಂದೇ ಫೋಟೊವನ್ನು ಎರಡರಲ್ಲೂ ತೆರೆದು ಪಕ್ಕಪಕ್ಕ ಇಟ್ಟೆ. ಕಸೆ ಸೀರೆಯ ಕೆಂಪು ಒಂದರಲ್ಲಿ ಕುಂಕುಮದ ಕೆಂಪಾಗೇ ಇತ್ತು, ಇನ್ನೊಂದರಲ್ಲಿ ಮಾಸಿ ಹೆಂಚಿನ ಬಣ್ಣಕ್ಕೆ ತಿರುಗಿತ್ತು. ಅಂಥ ಪರದೆ ನೋಡಿಕೊಂಡು ಬಣ್ಣ ತಿದ್ದಿದರೆ, ಬೇರೆಯವರ ಫೋನಿನಲ್ಲಿ ಕೆಂಪು ಕಣ್ಣಿಗೆ ಹೊಡೆಯುತ್ತದೆ. 100% ಎಸ್‌ಆರ್‌ಜಿಬಿ ಅಥವಾ 72% ಎನ್‌ಟಿಎಸ್‌ಸಿ ಅಂತ ಇದ್ದರೆ ಸಾಕು, ಎರಡೂ ಹೆಚ್ಚುಕಮ್ಮಿ ಒಂದೇ. ಇದನ್ನು ಕೇಳಿದಾಗ ಅಂಗಡಿಯ ಹುಡುಗ "ಫುಲ್ ಎಚ್‌ಡಿ ಉಂಟು ಸರ್" ಅಂದ. ಪಾಪ, ಅವನಿಗೆ ಹೇಳಿಕೊಟ್ಟವರು ಯಾರೂ ಇಲ್ಲ. ಮಾಡೆಲ್ ನಂಬರ್ ಬರೆದುಕೊಂಡು ಬಂದು ಕಂಪನಿಯ ಪುಟದಲ್ಲೇ ನೋಡಿದೆ.

14 ಇಂಚಿನಲ್ಲಿ ಟೈಮ್‌ಲೈನ್ ಇಕ್ಕಟ್ಟು, ಅದು ನಿಜ. ಅದಕ್ಕೆ ಮನೆಯಲ್ಲಿ 27 ಇಂಚಿನ ಮಾನಿಟರ್ ಇಟ್ಟಿದ್ದೇನೆ. ಒಂದೇ ಟೈಪ್-ಸಿ ಕೇಬಲ್ ಸಿಕ್ಕಿಸಿದರೆ ಚಿತ್ರವೂ ಹೋಗುತ್ತದೆ, ಚಾರ್ಜೂ ಬರುತ್ತದೆ. 16 ಇಂಚು 14ಕ್ಕಿಂತ ಪರದೆಯ ವಿಸ್ತೀರ್ಣದಲ್ಲಿ ಮೂವತ್ತು ಪರ್ಸೆಂಟ್ ದೊಡ್ಡದು ಅಷ್ಟೇ. 27 ಇಂಚಿನ ಮುಂದೆ ಎರಡೂ ಚಿಕ್ಕವೇ.

ಚಿಕ್ಕದು ತೆಗೆದುಕೊಳ್ಳುವವರು ಒಂದು ವಿಷಯದಲ್ಲಿ ಜುಗ್ಗತನ ಮಾಡಬಾರದು. ತೆಳ್ಳಗಿನವುಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಆಮೇಲೆ ಸೇರಿಸಲು ಬರುವುದಿಲ್ಲ. ಎಡಿಟಿಂಗ್‌ಗೆ 16 ಜಿಬಿ ತೆಗೆದುಕೊಂಡು ಆಮೇಲೆ ನೋಡೋಣ ಅನ್ನುವ ಹಾಗಿಲ್ಲ. ನಾನು 32 ಇರುವುದಕ್ಕೆ ಕಾದು ತರಿಸಿಕೊಂಡೆ. ಎಸ್‌ಎಸ್‌ಡಿಯನ್ನು ಮುಂದೆ ಬದಲಿಸಬಹುದು, ಅದಕ್ಕೆ ಒಂದು ಟಿಬಿಯೇ ಸಾಕು ಅಂತ ಬಿಟ್ಟೆ.

ಮಣಿಪಾಲದಲ್ಲಿ ಆರ್ಕಿಟೆಕ್ಚರ್ ಓದುವ ಅಕ್ಕನ ಮಗಳು ಇದೇ ಪ್ರಶ್ನೆ ಕೇಳಿದಾಗ ನಾನು ದೊಡ್ಡದನ್ನೇ ತೆಗೆದುಕೋ ಅಂದೆ. ಅವಳದು ಲ್ಯೂಮಿಯನ್, ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರುಗಳ ಕೆಲಸ. ಕಟ್ಟಡವನ್ನು ತಿರುಗಿಸಿ ತಿರುಗಿಸಿ ನೋಡುವಾಗ ಎದುರಿಗೆ ಕೂತು ಕಾಯುವವಳು ಅವಳೇ. ಅಲ್ಲಿ ಗ್ರಾಫಿಕ್ಸ್ ಕಾರ್ಡೇ ಎಲ್ಲ. ಲ್ಯಾಪ್‌ಟಾಪ್ ಹಾಸ್ಟೆಲ್ ಮೇಜಿನ ಮೇಲೇ ಇರುತ್ತದೆ, ಪಕ್ಕದಲ್ಲೇ ಗೋಡೆಯ ಸಾಕೆಟ್. ಆದರೆ ಕಾರ್ಡಿನ ಹೆಸರು ನೋಡಿ ದುಡ್ಡು ಕೊಡಬೇಡ ಅಂತಲೂ ಹೇಳಿದೆ. ಒಂದೇ ಆರ್‌ಟಿಎಕ್ಸ್ 4060 ಬೇರೆ ಬೇರೆ ಲ್ಯಾಪ್‌ಟಾಪುಗಳಲ್ಲಿ 35 ವ್ಯಾಟಿನಿಂದ 115 ವ್ಯಾಟಿನವರೆಗೆ ಎಷ್ಟಕ್ಕೆ ಬೇಕಾದರೂ ಹೊಂದಿಸಿರಬಹುದು. ಕಮ್ಮಿ ವ್ಯಾಟಿನದು ಅದೇ ಹೆಸರಿನಲ್ಲಿ ನಿಧಾನ ಓಡುತ್ತದೆ. ಅವಳು ಅಂಗಡಿಯಿಂದಲೇ ಫೋನ್ ಮಾಡಿದಳು. "ಮಾವ, ಡಬ್ಬದ ಮೇಲೆ 140 ವ್ಯಾಟ್ ಅಂತ ಉಂಟು, ನೀವು 115 ಅಂದಿದ್ರಲ್ಲ?" ಅದು ಪ್ರೊಸೆಸರಿನ ಪಾಲಿನಿಂದ 25 ವ್ಯಾಟ್ ಎರವಲು ಸೇರಿಸಿ ಬರೆಯುವ ಲೆಕ್ಕ, ಒಳ್ಳೆಯದೇ, ತೆಗೆದುಕೋ ಅಂದೆ. ಮನೆಗೆ ತಂದ ಮೇಲೆ ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಸಿಸ್ಟಮ್ ಇನ್‌ಫರ್ಮೇಶನ್ ತೆರೆದು, ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್ ಅಂತ ಇರುವ ಸಾಲನ್ನು ಫೋಟೊ ತೆಗೆದು ಕಳಿಸಲು ಹೇಳಿದೆ. 140 ಅಂತಲೇ ಇತ್ತು.