ಚೆಸ್ ತಂಡದ ಲೀಗ್ ಪಂದ್ಯದಲ್ಲಿ ಇಂಗ್ಲಿಷ್ ಓಪನಿಂಗ್ ಆಡುವ ಬಗೆ

ನಾಲ್ಕು ಬೋರ್ಡುಗಳ ಚೆಸ್ ಪಂದ್ಯದಲ್ಲಿ ಎರಡೂವರೆ ಅಂಕ ಗಳಿಸಿದ ತಂಡ ಗೆಲ್ಲುತ್ತದೆ. ನಿಮ್ಮ ಬೋರ್ಡಿನಲ್ಲಿ ಗೆಲುವೇ ಬೇಕೋ, ಡ್ರಾದ ಅರ್ಧ ಅಂಕ ಸಾಕೋ ಎಂಬುದು ಆಟ ಅರ್ಧ ದಾಟಿದ ಮೇಲಷ್ಟೇ ಸ್ಪಷ್ಟವಾಗುವುದರಿಂದ, ಅಲ್ಲಿಯವರೆಗೆ ಎರಡೂ ದಾರಿಗಳನ್ನು ತೆರೆದಿಡುವ ಓಪನಿಂಗ್ (ಆರಂಭದ ನಡೆಗಳ ಕ್ರಮ) ಬೇಕು. ಬಿಳಿಯ ಕಾಯಿ ಸಿಕ್ಕಾಗ ಸಿ4 ಆಡುವುದು, ಅಂದರೆ ಸಿ ಸಾಲಿನ ಪದಾತಿಯನ್ನು ನಾಲ್ಕನೆಯ ಮನೆಗೆ ತಳ್ಳುವುದು, ಅಂಥದ್ದು; ಇದೇ ಇಂಗ್ಲಿಷ್ ಓಪನಿಂಗ್. ಇಂಗ್ಲೆಂಡಿನ ಹೋವರ್ಡ್ ಸ್ಟಾಂಟನ್ 1843ರಲ್ಲಿ ಫ್ರಾನ್ಸಿನ ಸೇಂಟ್ ಅಮಾಂಟ್ ಎದುರು ಇದನ್ನು ಆಡಿದ್ದರಿಂದ ಈ ಹೆಸರು ಬಂದಿತು.

ಎದುರಾಳಿ ಇ5 ಆಡಿದರೆ, ಒಂದು ನಡೆ ಮುಂದಿರುವ ಸಿಸಿಲಿಯನ್ (ಇ4ಕ್ಕೆ ಕಪ್ಪು ಸಿ5 ಆಡುವ ರಕ್ಷಣೆ) ನಿಮ್ಮ ಕೈಯಲ್ಲಿರುತ್ತದೆ. ಕುದುರೆಯನ್ನು ಸಿ3ಕ್ಕೆ ತಂದು, ಜಿ3 ಆಡಿ, ಒಂಟೆಯನ್ನು ಜಿ2ರಲ್ಲಿ ಇರಿಸಿ. ಕಪ್ಪು ನಡುವೆಯೇ ಡಿ5 ತಳ್ಳಿದರೆ ಸಿ ಪದಾತಿಯಿಂದ ಹೊಡೆಯಿರಿ. ಮರಳಿ ಹೊಡೆದ ಕುದುರೆಯ ಮೇಲೆ ಜಿ2ರ ಒಂಟೆಯೂ ಸಿ3ರ ಕುದುರೆಯೂ ಕಣ್ಣಿಡುವುದರಿಂದ ಅದು ಸಾಮಾನ್ಯವಾಗಿ ಬಿ6ಕ್ಕೆ ಸರಿಯುತ್ತದೆ. ಬಳಿಕ ಕುದುರೆ ಎಫ್3, ಕ್ಯಾಸ್ಲಿಂಗ್ (ರಾಜ ಮತ್ತು ಆನೆಯನ್ನು ಒಂದೇ ನಡೆಯಲ್ಲಿ ಸರಿಸುವುದು), ಎ3, ಬಿ4 ಎಂಬ ಕ್ರಮದಲ್ಲಿ ರಾಣಿಯ ಬದಿಯಲ್ಲಿ ಜಾಗ ಹಿಡಿಯಬಹುದು. ಕಪ್ಪು ಡಿ5 ಆಡದೆ ಜಿ6, ಡಿ6 ಎಂದು ಮುಚ್ಚಿ ಕುಳಿತರೆ ಇ4, ಡಿ3 ಆಡುವ, ಮಾಜಿ ವಿಶ್ವ ಚಾಂಪಿಯನ್ ಬೊಟ್ವಿನ್ನಿಕ್ ಹೆಸರಿನ ಪದಾತಿ ರಚನೆ ಒಳ್ಳೆಯದು. ಅದರಲ್ಲಿ ಡಿ4ರ ಮನೆ ದುರ್ಬಲವಾಗುವುದರಿಂದ ಎರಡನೆಯ ಕುದುರೆಯನ್ನು ಎಫ್3ರ ಬದಲು ಇ2ರಲ್ಲಿಡಬೇಕು. ಆಗ ಎಫ್ ಪದಾತಿಯ ದಾರಿಯೂ ತೆರವಾಗಿರುತ್ತದೆ.

ಕಪ್ಪು ಇ6, ಡಿ5 ಎಂದು ಬಂದಾಗ ನೀವು ಡಿ4 ಆಡಿದರೆ ಆಟ ಕ್ವೀನ್ಸ್ ಗ್ಯಾಂಬಿಟ್ ಎಂಬ ಇನ್ನೊಂದು ಓಪನಿಂಗ್‌ಗೆ ಹೊರಳುತ್ತದೆ; 1972ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಸ್ಪಾಸ್ಕಿ ಎದುರಿನ ಆರನೆಯ ಆಟದಲ್ಲಿ ಫಿಷರ್ ನಡೆಸಿದ್ದು ಇದನ್ನೇ. ಅದರ ಅಭ್ಯಾಸವಿಲ್ಲದವರು ಡಿ4 ಬಿಟ್ಟು ಜಿ3 ಆಡುವುದು ಲೇಸು.

ಓಪನಿಂಗ್ ಮುಗಿದ ಮೇಲೆ, ಎದುರಾಳಿ ಯೋಚಿಸುತ್ತಿರುವಾಗ ಎದ್ದು ಉಳಿದ ಬೋರ್ಡುಗಳನ್ನು ನೋಡಿ ಬನ್ನಿ. ವಿಶ್ವ ಚೆಸ್ ಒಕ್ಕೂಟವಾದ ಫಿಡೆಯ ನಿಯಮದಂತೆ ತಂಡದ ನಾಯಕರು ಡ್ರಾ ಕೇಳಲು ಅಥವಾ ಒಪ್ಪಲು ಸಲಹೆ ನೀಡಬಹುದೇ ಹೊರತು ಬೋರ್ಡಿನ ಸ್ಥಿತಿಯ ಬಗ್ಗೆ ಮಾತನಾಡುವಂತಿಲ್ಲ. ಅರ್ಧ ಅಂಕ ಸಾಕಾದರೆ ತೆರೆದ ಸಿ ಸಾಲಿನಲ್ಲಿ ಆನೆಗಳನ್ನು ವಿನಿಮಯ ಮಾಡಿಕೊಂಡು, ನಡೆ ಆಡಿದ ಮೇಲೆ, ಗಡಿಯಾರ ಒತ್ತುವ ಮೊದಲು ಡ್ರಾ ಕೇಳಿ. ಗೆಲುವೇ ಬೇಕಾದರೆ ಕಾಯಿಗಳನ್ನು ಉಳಿಸಿಕೊಂಡು ಬಿ5 ತಳ್ಳಿ: ಸಿ6ರಲ್ಲಿರುವ ಕಪ್ಪು ಕುದುರೆ ಅಲ್ಲಿಂದ ಕದಲಿ, ನಿಮ್ಮ ಎಫ್3ರ ಕುದುರೆಯೂ ಸರಿದರೆ ಜಿ2ರ ಒಂಟೆಯ ನೋಟ ಬಿ7ರ ಪದಾತಿಯ ಕಡೆಗೆ ತೆರೆಯುತ್ತದೆ.