ಹಿಂಗಾಲು ಮುಂದಾದಾಗ: ಸ್ನೋಬೋರ್ಡ್‌ನಲ್ಲಿ ‘ಸ್ವಿಚ್’ ಸವಾರಿ ಕಲಿಯುವುದು ಹೇಗೆ?

ಸ್ನೋಬೋರ್ಡ್ ಮೇಲೆ ಅಡ್ಡಲಾಗಿ ನಿಂತು ಹಿಮದ ಇಳಿಜಾರಿನಲ್ಲಿ ಜಾರುವಾಗ ಪ್ರತಿಯೊಬ್ಬರಿಗೂ ಯಾವುದೋ ಒಂದು ಕಾಲು ಮುಂದಿರುವುದೇ ಸಹಜವೆನಿಸುತ್ತದೆ. ಎಡಗಾಲನ್ನು ಮುಂದಿಡುವವರನ್ನು ‘ರೆಗ್ಯುಲರ್’ ಎಂದೂ, ಬಲಗಾಲನ್ನು ಮುಂದಿಡುವವರನ್ನು ‘ಗೂಫಿ’ ಎಂದೂ ಕರೆಯುತ್ತಾರೆ. ಒಗ್ಗಿದ ಕಾಲನ್ನು ಹಿಂದಕ್ಕೆ ಬಿಟ್ಟು ಇನ್ನೊಂದನ್ನು ಮುಂದಿಟ್ಟುಕೊಂಡು ಸವಾರಿ ಮಾಡುವುದೇ ‘ಸ್ವಿಚ್’. ಬಲಗೈಯಲ್ಲಿ ಬರೆದು ರೂಢಿಯಾದವರು ಎಡಗೈಗೆ ಪೆನ್ನು ತೆಗೆದುಕೊಂಡರೆ ಅಕ್ಷರಗಳೆಲ್ಲ ಗೊತ್ತಿದ್ದೂ ಬೆರಳು ಹೇಗೆ ಮಾತು ಕೇಳುವುದಿಲ್ಲವೋ, ಹಾಗೆಯೇ ಇಲ್ಲಿಯೂ ಬುದ್ಧಿಗೆ ಗೊತ್ತಿರುವ ತಿರುವು ಕಾಲಿಗೆ ಗೊತ್ತಿರುವುದಿಲ್ಲ.

ಇಷ್ಟು ಕಷ್ಟಪಟ್ಟು ಇದನ್ನೇಕೆ ಕಲಿಯಬೇಕು? ಜಿಗಿತಗಳ ಕಡೆ ಒಲವಿರುವವರಿಗೆ ಉತ್ತರ ಲೆಕ್ಕದಲ್ಲಿಯೇ ಇದೆ. ದಿಬ್ಬದಿಂದ ನೇರವಾಗಿ ಹಾರಿ ಗಾಳಿಯಲ್ಲಿ 360 ಅಥವಾ 720 ಡಿಗ್ರಿ ಸುತ್ತಿದವರು ಹೊರಟ ಭಂಗಿಯಲ್ಲಿಯೇ ಇಳಿಯುತ್ತಾರೆ. 180, 540 ಅಥವಾ 900 ಡಿಗ್ರಿ ಸುತ್ತಿದವರು ಇಳಿಯುವುದು ಸ್ವಿಚ್‌ನಲ್ಲಿ. 2014ರಲ್ಲಿ ಸೋಚಿಯಲ್ಲಿ ಒಲಿಂಪಿಕ್ಸ್‌ಗೆ ಸೇರಿದ ಸ್ಲೋಪ್‌ಸ್ಟೈಲ್ (ಸಾಲಾಗಿರುವ ಅಡೆತಡೆ, ದಿಬ್ಬಗಳ ಮೇಲೆ ಚಮತ್ಕಾರ ತೋರುತ್ತಾ ಇಳಿಯುವುದು), 2018ರಲ್ಲಿ ಪ್ಯೊಂಗ್‌ಚಾಂಗ್‌ನಲ್ಲಿ ಸೇರಿದ ಬಿಗ್ ಏರ್ (ಒಂದೇ ದೊಡ್ಡ ದಿಬ್ಬದಿಂದ ಹಾರುವುದು) ಸ್ಪರ್ಧೆಗಳಲ್ಲಿ ಸ್ವಿಚ್ ಬಾರದೆ ಮುಂದೆ ಹೋಗುವಂತೆಯೇ ಇಲ್ಲ. ಆದರೆ ಎಂದೂ ಹಾರದವರಿಗೂ ಇದು ಅಷ್ಟೇ ಅಗತ್ಯವೆಂದು ನಾನು ನಂಬಿದ್ದೇನೆ, ಏಕೆಂದರೆ ಕಿರಿದಾದ ದಾರಿಯಲ್ಲಿ ಬೋರ್ಡ್ ಹಠಾತ್ತನೆ ತಿರುಗಿ ಹಿಂದುಮುಂದಾದಾಗ ಗಾಬರಿಯಾಗದೆ ಹಾಗೆಯೇ ಸಾಗಬಲ್ಲವರು ಬೀಳುವುದು ಕಡಿಮೆ.

ಕಲಿಯಲು ಹೊರಡುವ ಮುನ್ನ ಬೋರ್ಡನ್ನೊಮ್ಮೆ ನೋಡಿಕೊಳ್ಳಬೇಕು. ಪಾದಗಳನ್ನು ಹಿಡಿದಿಡುವ ಬೈಂಡಿಂಗ್‌ಗಳನ್ನು ಬೇಕಾದ ಕೋನಕ್ಕೆ ತಿರುಗಿಸಿ ಬಿಗಿಯಬಹುದು. ಬೋರ್ಡಿಗೆ ನೇರ ಅಡ್ಡವಾಗಿರುವುದು ಸೊನ್ನೆ ಡಿಗ್ರಿ, ಮೂತಿಯ, ಅಂದರೆ ಬೋರ್ಡಿನ ಮುಂತುದಿಯ ಕಡೆಗೆ ತಿರುಗಿದ್ದು ಪ್ಲಸ್, ಬಾಲದ, ಅಂದರೆ ಹಿಂತುದಿಯ ಕಡೆಗೆ ತಿರುಗಿದ್ದು ಮೈನಸ್. ಎರಡೂ ಪಾದಗಳು ಪ್ಲಸ್ ಕಡೆಗೇ ಇದ್ದರೆ, ಸ್ವಿಚ್‌ನಲ್ಲಿ ಮುಂದಾಗುವ ಕಾಲಿನ ಬೆರಳುಗಳು ಹೋಗುವ ದಿಕ್ಕಿಗೆ ಬೆನ್ನು ಹಾಕಿ ನಿಲ್ಲುತ್ತವೆ ಮತ್ತು ಮೊಣಕಾಲು ತಿರುಚುತ್ತದೆ. ಆದ್ದರಿಂದ ಬಾತುಕೋಳಿಯ ಪಾದಗಳಂತೆ ಎರಡೂ ಹೊರಮುಖವಾಗಿರುವ ‘ಡಕ್ ಸ್ಟಾನ್ಸ್’ ಒಳ್ಳೆಯದು. ಮುಂದೆ +15, ಹಿಂದೆ -9 ಎಂದು ಆರಂಭಿಸಿ, ಮೊಣಕಾಲಿಗೆ ಹಿತವೆನಿಸಿದರೆ -12 ಅಥವಾ -15ರವರೆಗೆ ಹೋಗಬಹುದು. ಮೂತಿ ಮತ್ತು ಬಾಲ ಒಂದೇ ಆಕಾರದಲ್ಲಿರುವ ‘ಟ್ವಿನ್’ ಬೋರ್ಡ್ ಸಿಕ್ಕರೆ ಕೆಲಸ ಹಗುರವಾಗುತ್ತದೆ; ಇಲ್ಲದಿದ್ದರೆ ಬೈಂಡಿಂಗ್‌ಗಳನ್ನು ಸಾಧ್ಯವಾದಷ್ಟು ನಡುವಿಗೆ ತಂದುಕೊಂಡರೂ ಸಾಕು. ಹೆಲ್ಮೆಟ್ ಮತ್ತು ಮಣಿಕಟ್ಟಿನ ರಕ್ಷಾಪಟ್ಟಿಗಳನ್ನು ಮಾತ್ರ ಮರೆಯಬಾರದು, ಏಕೆಂದರೆ ಸ್ವಿಚ್‌ನಲ್ಲಿ ನೀವು ಮತ್ತೆ ಹೊಸಬರು, ಮತ್ತು ಹೊಸಬರು ಕೈಯೂರಿ ಬಿದ್ದು ಹೆಚ್ಚಾಗಿ ಪೆಟ್ಟು ಮಾಡಿಕೊಳ್ಳುವುದು ಮಣಿಕಟ್ಟಿಗೇ.

ಈಗ ಇಳಿಜಾರಿಗೆ ಬರೋಣ. ಕಣ್ಣು ಮುಚ್ಚಿಕೊಂಡೂ ಇಳಿಯಬಲ್ಲೆ ಎನ್ನುವಷ್ಟು ಸುಲಭವಾದ, ಅಗಲವಾದ ಜಾಗವನ್ನೇ ಆರಿಸಿಕೊಳ್ಳಿ. ಮೊದಲ ಹೆಜ್ಜೆ ನೀವು ಈಗಾಗಲೇ ಇಟ್ಟಿರುವ ಹೆಜ್ಜೆಯೇ. ಸ್ನೋಬೋರ್ಡಿಂಗ್ ಆರಂಭಿಸಿದ ದಿನಗಳಲ್ಲಿ ಮುಖ ಕೆಳಮುಖವಾಗಿ, ಬೋರ್ಡನ್ನು ಇಳಿಜಾರಿಗೆ ಅಡ್ಡಲಾಗಿ ಇಟ್ಟು, ಹಿಮ್ಮಡಿಯ ಕಡೆಯ ಅಂಚಿನ ಮೇಲೆ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತೇಲುತ್ತಾ ಇಳಿಯುವ, ಉದುರುವ ಎಲೆಯಂತಹ ಅಭ್ಯಾಸವನ್ನು ಬಹುತೇಕ ಎಲ್ಲರೂ ಮಾಡಿರುತ್ತಾರೆ. ರೆಗ್ಯುಲರ್ ಸವಾರರು ಹಾಗೆ ಬಲಕ್ಕೆ ತೇಲಿದಾಗಲೆಲ್ಲ ಬಲಗಾಲು ಮುಂದಿತ್ತು, ಅಂದರೆ ಅದು ಸ್ವಿಚ್ ಆಗಿತ್ತು. ಅಂದು ಎರಡೂ ದಿಕ್ಕುಗಳು ಸಮನಾಗಿದ್ದವು; ಒಂದು ದಿಕ್ಕು ಬಲಿತದ್ದು, ಇನ್ನೊಂದು ಬಡವಾದದ್ದು ಆಮೇಲಿನ ಅಭ್ಯಾಸದಿಂದ. ನಾನು ಸ್ವಿಚ್ ಕಲಿಯಲು ಹೋಗಿ ಮೊದಲ ಬಾರಿ ಸೋತದ್ದು ಈ ಎಲೆಯಾಟವನ್ನು ಬಿಟ್ಟು ನೇರವಾಗಿ ತಿರುವಿಗೆ ಕೈಹಾಕಿದ್ದರಿಂದ. ಆದ್ದರಿಂದ ಹೊಸ ದಿಕ್ಕಿಗೆ ಉದ್ದುದ್ದ ತೇಲುತ್ತಾ, ಮುಂಗಾಲಿನ ಮೇಲೆ ಭಾರ ಹಾಕಿದರೆ ವೇಗ ಬರುವುದನ್ನೂ, ಹಿಮ್ಮಡಿ ಒತ್ತಿದರೆ ಬೋರ್ಡ್ ನಿಲ್ಲುವುದನ್ನೂ ಕಾಲಿಗೆ ಮನದಟ್ಟಾಗುವಂತೆ ಮಾಡಿಕೊಳ್ಳಿ. ಆಮೇಲೆ ಮುಖವನ್ನು ಗುಡ್ಡದ ಮೇಲ್ಭಾಗಕ್ಕೆ ತಿರುಗಿಸಿ, ಕಾಲ್ಬೆರಳ ಕಡೆಯ ಅಂಚಿನ ಮೇಲೂ ಇದನ್ನೇ ಮಾಡಿ.

ಎರಡನೆಯ ಹೆಜ್ಜೆ ಅರ್ಧ ತಿರುವು. ಅಡ್ಡಲಾಗಿ ಸಾಗುತ್ತಿರುವಾಗ ಅಂಚನ್ನು ಸ್ವಲ್ಪ ಸಡಿಲಿಸಿ, ಹೊಸ ಮೂತಿ (ಸ್ವಿಚ್‌ನಲ್ಲಿ ಮುಂದಾಗಿರುವ ಬಾಲ) ಕೆಳಗಿನ ಕಡೆ ಬಾಗಲು ಬಿಟ್ಟು, ಅದು ಪೂರ್ತಿ ಕೆಳಮುಖವಾಗುವ ಮೊದಲೇ ಅದೇ ಅಂಚಿಗೆ ಮರಳಬೇಕು. ಹೂವಿನ ಹಾರದ ಎಳೆಯಂತೆ ಸಾಲಾಗಿ ಐದಾರು ಬಾರಿ ಹೀಗೆ ಮಾಡಿದರೆ ಸಾಕು, ಇಲ್ಲಿ ಬಹಳ ಹೊತ್ತು ನಿಲ್ಲಬೇಕಾಗಿಲ್ಲ.

ನಿಜವಾದ ಪರೀಕ್ಷೆ ಇರುವುದು ಪೂರ್ಣ ತಿರುವಿನಲ್ಲಿ, ಅದರಲ್ಲಿಯೂ ಹಿಮ್ಮಡಿಯ ಅಂಚಿನಿಂದ ಬೆರಳ ಅಂಚಿಗೆ ದಾಟುವಲ್ಲಿ. ಆ ಎರಡು ಮೂರು ಕ್ಷಣಗಳನ್ನು ಬಿಡಿಸಿ ನೋಡೋಣ. ನೀವು ರೆಗ್ಯುಲರ್ ಎಂದಿಟ್ಟುಕೊಂಡರೆ ಈಗ ಮುಂದಿರುವುದು ಬಲಗಾಲು. ಬಲಗೈಯನ್ನು ಬೋರ್ಡಿನ ಮೂತಿಯ ನೇರಕ್ಕೆ ಚಾಚಿ, ನೋಟವನ್ನೂ ಅತ್ತಲೇ ಇಡಿ. ಬಲ ಪಾದದ ಹಿಡಿತವನ್ನು ಸಡಿಲಿಸಿ ಬೋರ್ಡನ್ನು ಚಪ್ಪಟೆಯಾಗಿಸಿ, ಭಾರವನ್ನು ಬಲಗಾಲಿನ ಮೇಲೆ ತಂದ ಕೂಡಲೇ ಮೂತಿ ತಾನಾಗಿಯೇ ಕೆಳಗೆ ತಿರುಗತೊಡಗುತ್ತದೆ. ಮೈಯೆಲ್ಲ ಹಿಂದಕ್ಕೆ ವಾಲಬೇಕೆನಿಸುವುದು ಇಲ್ಲಿಯೇ. ವಾಲಿದರೆ ಮುಂಗಾಲಿನ ಭಾರ ಹೋಗಿ ಬೋರ್ಡ್ ತಿರುಗುವುದನ್ನೇ ನಿಲ್ಲಿಸುತ್ತದೆ. ಹೆದರಿ ಬೆರಳುಗಳನ್ನು ಅವಸರದಿಂದ ಒತ್ತಿದರೆ, ಇನ್ನೂ ಕೆಳಬದಿಯಲ್ಲಿರುವ ಅಂಚು ಹಿಮಕ್ಕೆ ಕಚ್ಚಿಕೊಂಡು ಮುಗ್ಗರಿಸಿ ಬೀಳಿಸುತ್ತದೆ. ಮೂತಿ ನೇರ ಕೆಳಮುಖವಾಗುವವರೆಗೆ ಕಾಯಬೇಕು. ಆ ಬಳಿಕ ಬಲ ಮೊಣಕಾಲನ್ನು ಬಾಗಿಸಿ, ಮೊಣಕಾಲಿನ ಕೆಳಗಿನ ಮುಂಬದಿಯ ಮೂಳೆ ಬೂಟಿನ ನಾಲಿಗೆಗೆ ಒತ್ತುವಂತೆ ಮಾಡಿದರೆ ಬೋರ್ಡ್ ಬೆರಳ ಅಂಚಿನ ಮೇಲೆ ಮೆಲ್ಲಗೆ ಮಗ್ಗುಲಾಗುತ್ತದೆ, ಹಿಂಗಾಲು ಅದನ್ನೇ ಹಿಂಬಾಲಿಸುತ್ತದೆ. ಮೊದಲು ಮುಂಗಾಲು, ಆಮೇಲೆ ಹಿಂಗಾಲು. ಈ ಕ್ರಮ ತಪ್ಪಬಾರದು.

ತಪ್ಪುವುದು ಬಹುಮಟ್ಟಿಗೆ ಇಲ್ಲಿಯೇ. ಇಷ್ಟು ದಿನ ದಾರಿ ತೋರಿಸುತ್ತಿದ್ದ ಬಲವಾದ ಕಾಲು ಈಗ ಹಿಂದಿದೆ, ಆದರೆ ಅದು ಯಜಮಾನಿಕೆ ಬಿಟ್ಟುಕೊಡುವುದಿಲ್ಲ. ದೋಣಿಯ ಚುಕ್ಕಾಣಿಯಂತೆ ಬಾಲವನ್ನು ಬೀಸಿ ಬೀಸಿ ಬೋರ್ಡನ್ನು ತಿರುಗಿಸಲು ನೋಡುತ್ತದೆ. ಇದು ನಿಮ್ಮಲ್ಲಿದೆಯೇ ಎಂದು ತಿಳಿಯಲು ನಾಲ್ಕಾರು ತಿರುವುಗಳಾದ ಮೇಲೆ ದಾರಿಯ ಅಂಚಿಗೆ ಬಂದು ನಿಂತು, ಹಿಂದಿರುಗಿ ನಿಮ್ಮದೇ ಜಾಡನ್ನು ನೋಡಿ. ಮುಂಗಾಲಿನಿಂದ ಮೂಡಿದ ತಿರುವು ಹಿಮದ ಮೇಲೆ ದುಂಡಗೆ, ಕುಡುಗೋಲಿನ ಬಾಗಿನಂತೆ ಕಾಣುತ್ತದೆ. ಬಾಲ ಬೀಸಿ ತಿರುಗಿಸಿದ್ದರೆ ಮೂಲೆಯಲ್ಲಿ ಚೂಪಾಗಿ ಮುರಿದು, ಅಲ್ಲಿಂದ ಬೀಸಣಿಗೆಯಂತೆ ಕೆರೆದ ಅಗಲವಾದ ಗುರುತು ಉಳಿದಿರುತ್ತದೆ. ಪರಿಹಾರ ಸರಳವಾದದ್ದು: ಮುಂದಿನ ಕೈಯನ್ನು ಮುಂದಿನ ಮೊಣಕಾಲಿನ ಮೇಲಿಟ್ಟುಕೊಂಡು, ತಿರುವು ಬೇಕಾದಾಗ ಆ ಕೈಯಿಂದಲೇ ಮೊಣಕಾಲನ್ನು ಹೋಗಬೇಕಾದ ಕಡೆಗೆ ಮೆಲ್ಲಗೆ ಒತ್ತಿ. ಭುಜ ತೆರೆದುಕೊಂಡು ಹಳೆಯ ದಿಕ್ಕಿಗೆ ತಿರುಗುವ ಇನ್ನೊಂದು ತಪ್ಪೂ ಇದರಿಂದ ತಾನಾಗಿಯೇ ಸರಿಯಾಗುತ್ತದೆ.

ಬೆರಳ ಅಂಚಿನಿಂದ ಹಿಮ್ಮಡಿಯ ಅಂಚಿಗೆ ಬರುವ ತಿರುವು ಹೆಚ್ಚಿನವರಿಗೆ ಬೇಗ ಒಲಿಯುತ್ತದೆ, ಏಕೆಂದರೆ ತಿರುವಿನ ಕೊನೆಯಲ್ಲಿ ಹೋಗುವ ಜಾಗ ಕಣ್ಣೆದುರಿಗೇ ಇರುತ್ತದೆ. ಆದರೆ ಇಲ್ಲಿ ಅಂಚು ಕಚ್ಚಿದರೆ ಬೀಳುವುದು ಬೆನ್ನ ಮೇಲೆ, ತಲೆಗೆ ಪೆಟ್ಟಾಗುವುದೂ ಹಾಗೆಯೇ. ಹಾಗೆ ಬೀಳುವಾಗ ಗಲ್ಲವನ್ನು ಎದೆಗೊತ್ತಿ, ಕೈಗಳನ್ನು ಮುಷ್ಟಿ ಕಟ್ಟಿ ಮೈಗೆ ಹತ್ತಿರ ಇಟ್ಟುಕೊಂಡು ಕುಳಿತಂತೆ ಬೀಳಬೇಕು.

ಅಭ್ಯಾಸಕ್ಕೆ ಸಮಯವನ್ನು ಆರಿಸುವಲ್ಲಿ ಅನೇಕರು ಎಡವುತ್ತಾರೆ. ದಿನವೆಲ್ಲ ಇಷ್ಟಬಂದಂತೆ ಜಾರಿ, ಕೊನೆಗೆ ತೊಡೆಗಳು ಸೋತ ಮೇಲೆ ಸ್ವಿಚ್ ನೋಡೋಣ ಎನ್ನುವುದು ಬೀಳುವುದಕ್ಕೆ ದಾರಿ. ಕಾಲುಗಳು ಹೊಸದಾಗಿರುವಾಗಲೇ, ದಿನದ ಮೊದಲ ಎರಡು ಇಳಿತಗಳನ್ನು ಸ್ವಿಚ್‌ಗೆ ಮೀಸಲಿಡಿ, ಅವನ್ನು ಪೂರ್ತಿಯಾಗಿ ಸ್ವಿಚ್‌ನಲ್ಲಿಯೇ ಮುಗಿಸಿ. ನಡುವೆ ಹಳೆಯ ಭಂಗಿಗೆ ಮರಳಿದರೆ ಮೈ ಅಲ್ಲಿಯೇ ನೆಮ್ಮದಿ ಕಂಡುಕೊಂಡು, ಮತ್ತೆ ಸ್ವಿಚ್‌ಗೆ ಬಂದಾಗ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಗುಡ್ಡದ ಮೇಲಕ್ಕೆ ಕೂರಿಸಿಕೊಂಡು ಒಯ್ಯುವ ಚೇರ್‌ಲಿಫ್ಟ್‌ನಿಂದ ಇಳಿಯುವಾಗ ಮಾತ್ರ ಒಗ್ಗಿದ ಕಾಲನ್ನೇ ಮುಂದಿಡುವುದು ಕ್ಷೇಮ, ಅಲ್ಲಿ ಹಿಂದೆ ಬರುವವರೂ ಇರುತ್ತಾರೆ.

ಸುಲಭದ ಇಳಿಜಾರಿನಲ್ಲಿ ಹತ್ತು ತಿರುವುಗಳನ್ನು ನಿಲ್ಲದೆ ಜೋಡಿಸಲು ಬಂದ ದಿನ, ಅದೇ ಜಾಗದಲ್ಲಿ ಒಮ್ಮೆ ಒಗ್ಗಿದ ಭಂಗಿಯಲ್ಲಿಯೂ ಒಮ್ಮೆ ಸ್ವಿಚ್‌ನಲ್ಲಿಯೂ ಪಕ್ಕಪಕ್ಕದಲ್ಲಿ ಇಳಿದು, ಎರಡು ಜಾಡುಗಳನ್ನು ಕೆಳಗಿನಿಂದ ಹೋಲಿಸಿ ನೋಡಿ. ಯಾವುದು ಯಾವುದೆಂದು ಹೇಳಲು ನಿಮಗೇ ಒಂದು ಗಳಿಗೆ ಬೇಕಾದರೆ, ಸ್ವಲ್ಪ ಕಡಿದಾದ ಮುಂದಿನ ಇಳಿಜಾರಿಗೆ ಹೋಗಬಹುದು.