ದಾಖಲಾತಿ ಸಲಹೆಗಾರರು ವಿದ್ಯಾರ್ಥಿಗಳ ವಿಶ್ವಾಸ ಗಳಿಸುವ ಬಗೆ

ತುಮಕೂರಿನ ಕಾಲೇಜುಗಳ ದಾಖಲಾತಿ ಕೊಠಡಿಗೆ ಮೇ, ಜೂನ್ ತಿಂಗಳಲ್ಲಿ ಬರುವ ತಂದೆತಾಯಂದಿರಲ್ಲಿ ಹಲವರು ಬೆಳಗಿನ ಜಾವದ ಬಸ್ಸು ಹಿಡಿದು ಬಂದವರಾಗಿರುತ್ತಾರೆ. ಪಾವಗಡದಿಂದ ಇಲ್ಲಿಗೆ ಸುಮಾರು 100 ಕಿಲೋಮೀಟರ್ ದೂರವಿದೆ. ಅಂಕಪಟ್ಟಿ, ಟಿ.ಸಿ., ಜಾತಿ-ಆದಾಯ ಪ್ರಮಾಣಪತ್ರಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಎದೆಗವಚಿಕೊಂಡು ಕುರ್ಚಿಯ ತುದಿಯಲ್ಲಿ ಕುಳಿತ ಅಪ್ಪನಿಗೆ ಬಣ್ಣದ ಕಿರುಹೊತ್ತಿಗೆ ಬೇಕಾಗಿಲ್ಲ. "ಎಲ್ಲಾ ಸೇರಿ ಎಷ್ಟಾಗುತ್ತೆ ಸಾರ್?" ಎಂಬ ಅವರ ಪ್ರಶ್ನೆಗೆ ನಾವು ಕೊಡುವ ಉತ್ತರದಿಂದಲೇ ವಿಶ್ವಾಸ ಹುಟ್ಟುತ್ತದೆ ಅಥವಾ ಅಲ್ಲಿಗೇ ಮುಗಿಯುತ್ತದೆ.

ನಾನು ಈ ಕೆಲಸಕ್ಕೆ ಸೇರಿದ ಮೊದಲ ವರ್ಷ, ಮಧುಗಿರಿ ಕಡೆಯ ಒಬ್ಬ ಹುಡುಗಿಯ ಮನೆಯವರಿಗೆ ಬೋಧನಾ ಶುಲ್ಕವನ್ನಷ್ಟೇ ಹೇಳಿ ಕಳುಹಿಸಿದ್ದೆ. ಹಾಸ್ಟೆಲ್, ಮೆಸ್, ಪರೀಕ್ಷಾ ಶುಲ್ಕಗಳ ಲೆಕ್ಕ ಅವರಿಗೆ ತಿಳಿದದ್ದು ಸೇರಿದ ಮೇಲೆ. ಎರಡನೆಯ ಸೆಮಿಸ್ಟರ್ ಹೊತ್ತಿಗೆ ಅವಳು ಓದು ಬಿಟ್ಟಳು. ಅದು ಇಂದಿಗೂ ನನ್ನನ್ನು ನೋಯಿಸುತ್ತದೆ. ಆದ್ದರಿಂದ ಮೊದಲ ಭೇಟಿಯಲ್ಲೇ ಒಂದು ಹಾಳೆಯ ಮೇಲೆ ಬೋಧನಾ ಶುಲ್ಕ, ವಿಶ್ವವಿದ್ಯಾಲಯದ ಶುಲ್ಕ, ಹಾಸ್ಟೆಲ್, ಮೆಸ್, ಬಸ್ಸು, ಸಮವಸ್ತ್ರ ಎಲ್ಲವನ್ನೂ ಸಾಲಾಗಿ ಬರೆದು, ಕೂಡಿಸಿ, ಸಹಿ ಮಾಡಿ ಕೊಡಿ. ವಿದ್ಯಾರ್ಥಿವೇತನವನ್ನು ಆ ಮೊತ್ತದಿಂದ ಕಳೆದು ತೋರಿಸಬೇಡಿ. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಜಾಲತಾಣವಾದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕುವುದು, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಇಟ್ಟುಕೊಳ್ಳುವುದು ಹೇಗೆಂದು ಹೇಳಿಕೊಡಿ. ಆದರೆ ಹಣ ಮಂಜೂರಾಗುವವರೆಗೆ ಅದನ್ನು ನಂಬಿ ಶುಲ್ಕದ ಲೆಕ್ಕ ಹಾಕಬಾರದೆಂದೂ ತಿಳಿಸಿ.

ನಿಜವಾದ ಕೆಲಸ ಆರಂಭವಾಗಬೇಕಾದದ್ದು ಇದಕ್ಕೂ ಮೊದಲು, ಪಿಯು ಕಾಲೇಜುಗಳಲ್ಲಿ. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಸಿಇಟಿ (ವೃತ್ತಿಪರ ಕೋರ್ಸುಗಳ ಸಾಮಾನ್ಯ ಪ್ರವೇಶ ಪರೀಕ್ಷೆ) ಸೀಟು ಹಂಚಿಕೆಯಲ್ಲಿ ಶೇ. 15ರಷ್ಟು, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5ರಷ್ಟು ಮೀಸಲಾತಿ ಇದೆ. ಅರ್ಜಿ ತುಂಬುವಾಗಲೇ ಇದನ್ನು ನಮೂದಿಸಬೇಕು. ರ‍್ಯಾಂಕ್ ಬಂದ ಮೇಲೆ ನೆನಪಾದರೆ ಪ್ರಯೋಜನವಿಲ್ಲ. ಕೊರಟಗೆರೆ, ಶಿರಾ, ಗುಬ್ಬಿಯ ಕಾಲೇಜುಗಳಿಗೆ ಅರ್ಜಿ ಕರೆಯುವ ಮುನ್ನವೇ ಹೋಗಿ, ವ್ಯಾಸಂಗ ಪ್ರಮಾಣಪತ್ರವನ್ನೂ ನಾಡಕಚೇರಿಯ ಆರ್‌ಡಿ ಸಂಖ್ಯೆ (ಪ್ರಮಾಣಪತ್ರದ ಗುರುತು ಸಂಖ್ಯೆ) ಇರುವ ಜಾತಿ-ಆದಾಯ ಪ್ರಮಾಣಪತ್ರವನ್ನೂ ಸಿದ್ಧಪಡಿಸಿಕೊಳ್ಳುವಂತೆ ಹೇಳಿ. ಈ ಮಾಹಿತಿಯಿಂದ ಆ ಮಕ್ಕಳು ಸರ್ಕಾರಿ ಕಾಲೇಜಿಗೇ ಹೋಗಬಹುದು. ಹೋಗಲಿ. ನಮ್ಮ ಲಾಭಕ್ಕೆ ಹೊರತಾದ ಮಾತನ್ನು ನಾವೇ ಹೇಳಿದಾಗ ಉಳಿದ ಮಾತುಗಳಿಗೂ ತೂಕ ಬರುತ್ತದೆ.

ಆಪ್ಷನ್ ಎಂಟ್ರಿಯ, ಅಂದರೆ ಬೇಕಾದ ಕಾಲೇಜು, ಕೋರ್ಸುಗಳ ಪಟ್ಟಿಯನ್ನು ಇಷ್ಟದ ಕ್ರಮದಲ್ಲಿ ನಮೂದಿಸುವ ಸಮಯದಲ್ಲಿ "ನಮ್ಮ ಕಾಲೇಜನ್ನು ಮೊದಲು ಹಾಕಿ" ಎಂದು ಮಕ್ಕಳನ್ನು ಒತ್ತಾಯಿಸುವುದು ನಾನು ಕಂಡ ಅತ್ಯಂತ ಕೆಟ್ಟ ರೂಢಿ. ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತಾ, ರ‍್ಯಾಂಕಿಗೆ ದಕ್ಕುವ ಮೊದಲ ಆಯ್ಕೆಯಲ್ಲೇ ಸೀಟು ಕೊಡಲಾಗುತ್ತದೆ. ಅದರ ಕೆಳಗಿನವು ಪರಿಗಣನೆಗೇ ಬರುವುದಿಲ್ಲ. ಆದ್ದರಿಂದ ವಿದ್ಯಾರ್ಥಿ ತನ್ನ ನಿಜವಾದ ಇಷ್ಟದ ಕ್ರಮದಲ್ಲೇ ಬರೆಯಬೇಕು. ಹಿಂದಿನ ವರ್ಷದ ಕಟ್‌ಆಫ್ ರ‍್ಯಾಂಕುಗಳನ್ನು ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಜಾಲತಾಣದಲ್ಲಿ ತೆರೆದು, ಅವರ ಕಣ್ಣೆದುರೇ ತೋರಿಸಿ.

ಮಾತನಾಡುವಾಗ ಅಪ್ಪನಿಗೆ ಕುರ್ಚಿ, ನೀರು ಕೊಟ್ಟು ಗೌರವಿಸಿ. ಆದರೆ ಪ್ರಶ್ನೆಯನ್ನು ಮಗಳಿಗೇ ಕೇಳಿ. "ನಿನಗೆ ಯಾವ ವಿಷಯ ಇಷ್ಟಮ್ಮ?" ಎಂದು ಕೇಳಿ ಸುಮ್ಮನೆ ಕಾಯಿರಿ. ಮೊದಲು ಅವಳು ಅಪ್ಪನ ಮುಖ ನೋಡುತ್ತಾಳೆ. ಆ ಮೌನವನ್ನು ನೀವು ತುಂಬಲು ಹೋಗಬೇಡಿ. ಪಾವಗಡದ ಕಡೆಯವರಲ್ಲಿ ಮನೆಮಾತು ತೆಲುಗಾದವರೂ ಇರುತ್ತಾರೆ. ಎರಡು ಮಾತು ತೆಲುಗು ಬಂದರೆ ಸಂಕೋಚ ಬೇಗ ಕರಗುತ್ತದೆ.

ಮೂಲ ಅಂಕಪಟ್ಟಿಗಳನ್ನು ಪರಿಶೀಲಿಸಿ ಅಲ್ಲೇ ಹಿಂದಿರುಗಿಸಿ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರ ಅಧಿಸೂಚನೆಯಲ್ಲಿ ಮೂಲ ದಾಖಲೆಗಳನ್ನು ಇಟ್ಟುಕೊಳ್ಳಬಾರದೆಂದೇ ಹೇಳಿದೆ. ಶುಲ್ಕ ಮರುಪಾವತಿಯ ಹಂತಗಳನ್ನೂ ಅದು ಗೊತ್ತುಪಡಿಸಿದೆ. ಆಯಾ ವರ್ಷದ ಮರುಪಾವತಿ ನಿಯಮವನ್ನು ಹಣ ಕಟ್ಟಿಸಿಕೊಳ್ಳುವ ಮುನ್ನವೇ ಓದಿ ಹೇಳಿ. ರಸೀದಿಯಿಲ್ಲದ ಒಂದು ರೂಪಾಯಿಯನ್ನೂ ಮುಟ್ಟಬೇಡಿ. ಸೀಟಿಗಾಗಿ ನಿಗದಿತ ಶುಲ್ಕದ ಮೇಲೆ ಪಡೆಯುವ ಹಣವಾದ ಕ್ಯಾಪಿಟೇಶನ್ ಶುಲ್ಕವನ್ನು ನಮ್ಮ ರಾಜ್ಯ 1984ರ ಕಾಯ್ದೆಯಲ್ಲೇ ನಿಷೇಧಿಸಿದೆ. ತಲೆಗಿಷ್ಟು ಎಂದು ಕಮಿಷನ್ ಪಡೆದು ಮಕ್ಕಳನ್ನು ಕರೆತರುವ ಏಜೆಂಟರನ್ನು ದೂರವಿಡುವಂತೆ ಆಡಳಿತ ಮಂಡಳಿಗೆ ಲಿಖಿತವಾಗಿ ಹೇಳುವುದೂ ನಮ್ಮದೇ ಕೆಲಸ.

ಅಂದೇ ಹಣ ಕಟ್ಟಿಸಿಕೊಳ್ಳುವ ಆತುರ ಬೇಡ. ಲೆಕ್ಕದ ಹಾಳೆಯನ್ನು ಕೈಗಿತ್ತು, "ಮನೆಗೆ ಹೋಗಿ ಎಲ್ಲರೂ ಕೂತು ಮಾತಾಡಿ, ಯಜಮಾನ್ರೇ" ಎಂದು ಹೇಳಿ, ಊರಿನ ಬಸ್ಸು ತಪ್ಪುವ ಮೊದಲೇ ಅವರನ್ನು ಕಳುಹಿಸಿಕೊಡಿ.